ಬಾದಾಮಿಯಲ್ಲಿ ಹೆಸರು ಹೇಳಿದ ಪೆಟ್ಟಿಗೆ

ಇಳಕಲ್ಲಿನ ಶಿವಸಂಗಪ್ಪನಿಗೆ ದೇವರು ಎರಡು ಖಯಾಲಿ ಕೊಟ್ಟಿದ್ದ. ಒಂದು ಯಂತ್ರದ್ದು, ಇನ್ನೊಂದು ಒಡಪಿನದು. ಎರಡರಲ್ಲಿ ಒಂದನ್ನಷ್ಟೇ ಕೊಟ್ಟಿದ್ದರೆ ಅವನು ಸುಖವಾಗಿರುತ್ತಿದ್ದ, ನಮಗೂ ಹೇಳಲಿಕ್ಕೆ ಏನೂ ಇರುತ್ತಿರಲಿಲ್ಲ.

ಹೊಟ್ಟೆಪಾಡಿಗೆ ಅವನು ನೇಕಾರ. ನೆಯ್ದ ಸೀರೆಗಳನ್ನು ಗಂಟು ಕಟ್ಟಿ, ಬಾಬುಸಾಬನ ಚಕ್ಕಡಿಗೆ ಹೇರಿ, ಹುನಗುಂದ, ಅಮೀನಗಡ, ಬಾದಾಮಿ, ಬಾಗಲಕೋಟೆ ಎಂದು ತಿರುಗಿ ಮಾರಿ ಬರುತ್ತಿದ್ದ. ಗಂಡ ತಿರುಗುವುದು ವ್ಯಾಪಾರಕ್ಕೆ ಎಂದು ಹೆಂಡತಿ ಸಾವಂತ್ರವ್ವ ನಂಬಿದ್ದಳು. ಬಾಬುಸಾಬನಿಗೆ ಮಾತ್ರ ನಿಜ ಗೊತ್ತಿತ್ತು. ಬಾಗಲಕೋಟೆಯ ಸ್ಟೇಷನ್ನಿನಲ್ಲಿ ಎಂಜಿನ್ನು ನೀರು ಕುಡಿಯುವುದನ್ನು ನೋಡುತ್ತ ನಿಂತರೆ ಈ ಮನುಷ್ಯನಿಗೆ ತಾನು ನೀರು ಕುಡಿಯುವುದು ಮರೆತುಹೋಗುತ್ತಿತ್ತು.

ಒಮ್ಮೆ ಅವನು ದಿಕ್ಕು ತೋರಿಸುವ ಡಬ್ಬಿಯೊಂದನ್ನು ತಂದ. ಇಳಕಲ್ಲಿನಿಂದ ಹುನಗುಂದಕ್ಕೆ ಇರುವುದು ಒಂದೇ ದಾರಿ, ಎತ್ತುಗಳಿಗೆ ಅದು ಬಾಯಿಪಾಠ. ಆದರೂ ಶಿವಸಂಗಪ್ಪ ಪ್ರತಿ ತಿರುವಿನಲ್ಲಿ ಚಕ್ಕಡಿ ನಿಲ್ಲಿಸಿ, ಇಳಿದು, ಡಬ್ಬಿ ನೋಡಿ, "ಬಾಬುಸಾಬ, ನಾವು ಬರೋಬರಿ ಹೊಂಟೇವಿ" ಎಂದು ಘೋಷಿಸಿ ಮತ್ತೆ ಹತ್ತುತ್ತಿದ್ದ. ಅಂದು ಹುನಗುಂದ ಮುಟ್ಟುವಷ್ಟರಲ್ಲಿ ಸಂತೆ ಮುಗಿದಿತ್ತು.

ಆಮೇಲೆ ಕಿಸೆಯಲ್ಲಿಡುವಂಥ, ಗಂಟೆ ಬಾರಿಸುವ ಗಡಿಯಾರ ಬಂತು. ಒಳಗೆ ಬಾರಿಸುವವನು ಯಾರು ಎಂದು ನೋಡಲು ಶಿವಸಂಗಪ್ಪ ಅದನ್ನು ಬಿಚ್ಚಿದ. ಮತ್ತೆ ಕೂಡಿಸಿದಾಗ ಒಂದು ಹಿಡಿ ಗಾಲಿಗಳು ಅಂಗೈಯಲ್ಲೇ ಉಳಿದವು. ಇಷ್ಟೊಂದು ಸಾಮಾನು ಕಡಿಮೆ ಇದ್ದರೂ ಗಡಿಯಾರ ನಡೆಯಿತು ಎಂಬುದು ಅವನ ಹೆಮ್ಮೆ. ಆದರೆ ಅದು ತನಗೆ ತಿಳಿದಾಗ ಬಾರಿಸತೊಡಗಿತು. ಓಣಿಯಲ್ಲೊಂದು ಸಾವಾಗಿ, ಎಲ್ಲರೂ ಕೂತು ಅಳುತ್ತಿದ್ದಾಗ ಅವನ ಅಂಗಿಯೊಳಗಿಂದ ಬಾರಿಸಿದ ಮೇಲೆ ಸಾವಂತ್ರವ್ವ ಅದನ್ನು ಬಾವಿಗೆ ಹಾಕಿ ಬಂದಳು.

"ಇನ್ನ ಮುಂದ ಚಾವಿ ಕೊಡೋ ಸಾಮಾನು ಯಾವುದರ ಈ ಹೊಸ್ತಿಲ ದಾಟಿ ಒಳಗ ಬಂತಂದ್ರ, ನಾ ಹೊಸ್ತಿಲ ದಾಟಿ ಹೊರಗ ಹೋಗ್ತೇನಿ," ಎಂದಳು.

"ಆತು," ಎಂದ ಶಿವಸಂಗಪ್ಪ. ಆ ಕ್ಷಣಕ್ಕೆ ಅವನ ಮನಸ್ಸಿನಲ್ಲಿಯೂ ಹಾಗೆಯೇ ಇತ್ತು.

ಇನ್ನು ಒಡಪಿನ ಖಯಾಲಿ. ಆ ಸೀಮೆಯಲ್ಲಿ ಹೆಂಡತಿ ಗಂಡನ ಹೆಸರನ್ನು ಬರಿದೇ ಎತ್ತುವುದಿಲ್ಲ. ಹೇಳಲೇಬೇಕಾಗಿ ಬಂದರೆ ಪ್ರಾಸ ಕಟ್ಟಿದ ನಾಲ್ಕು ಸಾಲಿನ ತುದಿಗೆ ಕೂಡಿಸಿ ಹೇಳಬೇಕು, ಅದೇ ಒಡಪು. ಶುಭಕಾರ್ಯದ ದಿನ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು, "ಹೆಸರ ಹೇಳಿ ಒಳಗ ಬಾ" ಎಂದು ಗಂಟುಬೀಳುತ್ತಾರೆ. ಗಂಡಸೂ ಅಷ್ಟೇ, ಹೆಂಡತಿಯ ಹೆಸರು ಹೇಳದೆ ಒಳಗೆ ಕಾಲಿಡುವಂತಿಲ್ಲ. ಇಡೀ ಓಣಿಗೆ ಒಡಪು ಕಟ್ಟಿಕೊಡುವವನು ಶಿವಸಂಗಪ್ಪ. ಎಂಥ ಒರಟು ಹೆಸರನ್ನು ತಂದರೂ ಪ್ರಾಸದಲ್ಲಿ ನಯವಾಗಿ ಕೂರಿಸಿ ಕಳಿಸುತ್ತಿದ್ದ.

ಕಟ್ಟಲಾಗದ್ದು ಒಂದೇ ಹೆಸರು, ಅವನ ಹೆಂಡತಿಯದು. ಮದುವೆಯ ದಿನ ಹೊಸ್ತಿಲಲ್ಲಿ ನಿಂತು ಅವನು ಸಾಕಷ್ಟು ಹೊತ್ತು ಕೆಮ್ಮಿದ. ಅಡುಗೆ ಆರುತ್ತದೆ ಎಂದು ಹಿರಿಯರು ಹಾಗೆಯೇ ಒಳಗೆ ಬಿಟ್ಟರು. ಅಂದಿನಿಂದ ಯಾರು ಕೇಳಿದರೂ, "ಆ ಹೆಸರಿಗೆ ಪ್ರಾಸಾನ ಇಲ್ರೆಪಾ. ನಮ್ಮ ಮಾವ ಹೆಸರಿಡುವಾಗ ಸ್ವಲ್ಪ ವಿಚಾರ ಮಾಡಬೇಕಿತ್ತು" ಎಂದು ತಪ್ಪನ್ನು ತೀರಿಹೋದ ಮಾವನ ತಲೆಗೆ ಕಟ್ಟುತ್ತಿದ್ದ. ಸಾವಂತ್ರವ್ವ ಏನೂ ಅನ್ನುತ್ತಿರಲಿಲ್ಲ. ಹೀಗೆ ಏನೂ ಅನ್ನದೆ ಇರುವುದರಲ್ಲಿ ಆಕೆಯ ಕೈ ಪಳಗಿತ್ತು.

ಹೀಗಿರಲು ಬಾಗಲಕೋಟೆಯ ಸ್ಟೇಷನ್ನಿನ ಗಾರ್ಡನೊಬ್ಬನಿಗೆ ವರ್ಗವಾಯಿತು. ಹೋಗುವಾಗ ಅವನು ಶಿವಸಂಗಪ್ಪನಿಂದ ಹೆಂಡತಿಗೊಂದು ಇಳಕಲ್ಲ ಸೀರೆ ತೆಗೆದುಕೊಂಡು, ಬದಲಿಗೆ ತನ್ನ ಮನೆಯ ಫೋನೋಗ್ರಾಫನ್ನು ಕೊಟ್ಟ. ಅದೊಂದು ಕಟ್ಟಿಗೆಯ ಪೆಟ್ಟಿಗೆ. ಮೇಲೆ ದತ್ತೂರಿ ಹೂವಿನಂಥ ಒಂದು ಕಹಳೆ, ಪಕ್ಕಕ್ಕೆ ಚಾವಿ. ಜೊತೆಗೆ ಕುಡಿಯುವ ಲೋಟದಷ್ಟು ದಪ್ಪದ ಎರಡು ಮೇಣದ ಕೊಳವೆಗಳು. ಒಂದರಲ್ಲಿ ಯಾರೋ ಬಿಳಿ ಸಾಹೇಬ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಇನ್ನೊಂದು ಖಾಲಿ. ಈ ಯಂತ್ರ ಬರಿ ಮಾತಾಡುವುದಿಲ್ಲ, ಕೇಳಿಸಿಕೊಂಡು ಇಟ್ಟುಕೊಳ್ಳುತ್ತದೆ ಎಂದು ಗಾರ್ಡ್ ತೋರಿಸಿಕೊಟ್ಟ. ಕೇಳಿದಷ್ಟೂ ಮೇಣ ಸವೆಯುತ್ತದೆ, ಬೇಡವಾದರೆ ಹೆರೆದು ಹೊಸದಾಗಿ ತುಂಬಿಸಬಹುದು ಎಂದೂ ಹೇಳಿದ.

ಶಿವಸಂಗಪ್ಪ ಪೆಟ್ಟಿಗೆಯನ್ನು ಸೀರೆ ಗಂಟಿನಲ್ಲಿ ಸುತ್ತಿ ಮನೆಗೆ ತಂದ. ಅದು ಹೊಸ್ತಿಲನ್ನು ದಾಟಲಿಲ್ಲ ಎಂದು ಅವನ ವಾದ. ಹಿತ್ತಲ ಗೋಡೆಯ ಮೇಲಿಂದ ಇಳಿಸಿದ್ದ.

ಮನೆಯ ಮಗ್ಗುಲಿಗೆ ಮಗ್ಗಕ್ಕೆಂದು ಹೊಸ ಕೋಣೆ ಕಟ್ಟಿದ್ದರು. ಪೂಜೆಯ ದಿನ ಓಣಿಯ ಹೆಂಗಸರೆಲ್ಲ ನೆರೆದರು. ಶಿವಸಂಗಪ್ಪ ನಸುಕಿನಲ್ಲೇ ಪೆಟ್ಟಿಗೆಗೆ ಖಾಲಿ ಕೊಳವೆ ಹಾಕಿ ಬಾಗಿಲ ಹಿಂದೆ ಇಟ್ಟು, ಕಹಳೆಯ ಮೇಲೆ ತೆಳ್ಳಗಿನದೊಂದು ಸೀರೆ ಇಳಿಬಿಟ್ಟಿದ್ದ. ಸಾವಂತ್ರವ್ವ ಆರತಿ ಹಿಡಿದು ಬಂದಾಗ ನೆರೆಮನೆಯ ಬೋರವ್ವ ಹೊಸ್ತಿಲಿಗೆ ಅಡ್ಡ ನಿಂತಳು. ಶಿವಸಂಗಪ್ಪ ಬಾಗಿಲ ಹಿಂದೆ ಕೈ ಹಾಕಿ ಯಂತ್ರ ಬಿಟ್ಟ. ಸಾವಂತ್ರವ್ವ ಗಂಟಲು ಸರಿಮಾಡಿಕೊಂಡು, ಓಣಿಗೆಲ್ಲ ಕೇಳುವಂತೆ ಹೇಳಿದಳು:

"ಕೆಂಪ ಸೆರಗಿನ ತುದಿಗೆ ಬಿಳಿ ತೆನಿಯ ಸಾಲ,
ಒಲಿ ಮ್ಯಾಲ ಉಕ್ಕತೈತಿ ನೊರಿ ನೊರಿ ಹಾಲ,
ಗಡಿಯಾರ ಬಿಚ್ಚಿದರ ಕೂಡ್ಸಾಕ ಬರಂಗಿಲ್ಲಪ್ಪ,
ಆದ್ರೂ ನನ್ನ ಮನಿ ದೀಪ ಶಿವಸಂಗಪ್ಪ!"

ಹೆಂಗಸರು ನಕ್ಕರು. ಶಿವಸಂಗಪ್ಪ ಯಂತ್ರ ನಿಲ್ಲಿಸುವುದನ್ನೇ ಮರೆತ. ತನ್ನ ಹೆಸರು ಇಷ್ಟು ಚಂದ ಇದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಬೋರವ್ವ ಅವನತ್ತ ತಿರುಗಿದಳು.

"ಈಗ ನೀ ಹೇಳಪಾ, ಶಿವಸಂಗಪ್ಪ! ಓಣಿಗೆಲ್ಲಾ ಕಟ್ಟಿಕೊಡ್ತಿ, ನಿನ್ನ ಹೇಣ್ತಿ ಹೆಸರ ಹೇಳು!"

ಎಲ್ಲರೂ ಅವನ ಬಾಯಿ ನೋಡಿದರು. ಸಾವಂತ್ರವ್ವನೂ ಆರತಿ ಹಿಡಿದ ಕೈ ಇಳಿಸದೆ ಕಾದಳು. ಶಿವಸಂಗಪ್ಪ ಬಾಯಿ ತೆರೆದ, ಕೆಮ್ಮಿದ, ಮತ್ತೆ ಕೆಮ್ಮಿದ, ನೀರು ಕುಡಿದು ಬರುತ್ತೇನೆಂದು ಹಿತ್ತಲಿಗೆ ಹೋದವನು ಊಟದ ಹೊತ್ತಿಗೆ ಬಂದ. ಸಾವಂತ್ರವ್ವ ಅಂದೂ ಏನೂ ಅನ್ನಲಿಲ್ಲ. ಬಡಿಸುವಾಗ ತುಪ್ಪ ಮಾತ್ರ ಎಲ್ಲರಿಗೂ ಆದ ಮೇಲೆ ಅವನ ತನಕ ಬರಲಿಲ್ಲ.

ಮುಂದಿನ ವಾರ ಅವನು ಬಾದಾಮಿಗೆ ಹೊರಟ. ಪೆಟ್ಟಿಗೆ ಗಂಟಿನೊಳಗೇ ಇತ್ತು. "ಗಾಜಿನ ಸಾಮಾನು, ಸಾವಕಾಶ ಹೊಡಿ" ಎಂದು ಬಾಬುಸಾಬನಿಗೂ ಸುಳ್ಳು ಹೇಳಿದ್ದ.

ಬಾದಾಮಿಯಲ್ಲಿ ಅವನು ಇಳಿದುಕೊಳ್ಳುತ್ತಿದ್ದುದು ಬಾಳವ್ವನ ಮನೆಯಲ್ಲಿ. ಬಾಳವ್ವ ಸಾವಂತ್ರವ್ವನ ಸೋದರತ್ತೆ. ವಯಸ್ಸಿನೊಂದಿಗೆ ಆಕೆಯ ಕಣ್ಣು ಮಂಜಾಗಿದ್ದವು, ಕಿವಿ ಮಾತ್ರ ಇನ್ನಷ್ಟು ಚುರುಕಾಗಿದ್ದವು. ಬೀದಿಗೆ ಬಾಗಿಲಿದ್ದ ಒಂದು ಕೋಣೆಯನ್ನು ಆಕೆ ಅಳಿಯನಿಗೆ ಬಿಟ್ಟುಕೊಟ್ಟಳು. ಬಾಬುಸಾಬ ಉಳಿದ ಗಂಟುಗಳೊಂದಿಗೆ ಬಾಗಲಕೋಟೆಗೆ ಹೋದ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಶಿವಸಂಗಪ್ಪ ಕದ ಹಾಕಿಕೊಂಡು, ಕಂಬಳಿ ಹೊದ್ದು, ಕಂಬಳಿಯೊಳಗೆ ಪೆಟ್ಟಿಗೆ ಇಟ್ಟುಕೊಂಡು ಚಾವಿ ಕೊಟ್ಟ. ಸಾವಂತ್ರವ್ವ ಅವನ ಹೆಸರು ಹೇಳಿದಳು. ಹೇಳಿದ ಕೂಡಲೇ ಅವನು ಸೂಜಿ ಎತ್ತಿಬಿಟ್ಟ. ಅದರ ಮುಂದಿನದು ಅವನಿಗೆ ಬೇಕಿರಲಿಲ್ಲ. ಪರಊರಿನ ಸಂಜೆಯ ಬೇಸರವೆಲ್ಲ ಆ ನಾಲ್ಕು ಸಾಲಿಗೆ ಕಳೆದುಹೋಗುತ್ತಿತ್ತು. ಮೇಣ ಸವೆಯುತ್ತದೆ ಎಂದು ಗೊತ್ತಿದ್ದೂ ಅವನು ಮತ್ತೊಮ್ಮೆ ಹಾಕಿದ, ಇನ್ನೊಮ್ಮೆ ಹಾಕಿದ.

ಕದ ಬಡಿದ ಸಪ್ಪಳವಾಯಿತು. ಬಾಳವ್ವ ನಿಂತಿದ್ದಳು.

"ಅಳಿಯಂದ್ರ, ಒಳಗ ಯಾರದಾರ?"

"ಯಾರೂ ಇಲ್ರಿ ಅತ್ತಿ."

"ಹೆಣಮಗಳ ದನಿ ಕೇಳ್ತು. ಒಡಪಿನ್ಯಾಗ ನಿಮ್ಮ ಹೆಸರ ಹೇಳಿದ್ಲು."

"ನಾನ ಅಂದಕೊಂಡ್ನಿರಿ. ಹೊತ್ತು ಹೋಗ್ಲಿ ಅಂತ."

"ಹೆಣಮಗಳ ದನೀಲೆ?"

ಯಂತ್ರ ಎಂದು ಬಾಯಿಬಿಟ್ಟರೆ ಸುದ್ದಿ ಇಳಕಲ್ಲಿಗೆ ಹೋಗುತ್ತದೆ, ಸಾವಂತ್ರವ್ವ ಹೊಸ್ತಿಲು ದಾಟುತ್ತಾಳೆ. ಶಿವಸಂಗಪ್ಪ ಬುದ್ಧಿ ಖರ್ಚು ಮಾಡಿದ.

"ನೆಗಡಿ ಆಗೈತ್ರಿ ಅತ್ತಿ. ಸ್ವಲ್ಪ ಜ್ವರನೂ ಐತಿ. ಅದಕ್ಕ ದನಿ ಬದಲಾಗೈತಿ."

ಮರುದಿನ ಬೆಳಿಗ್ಗೆ ಬಾಳವ್ವ ಪಕ್ಕದ ಮನೆಯ ರಂಜಾನಬಿಯೊಂದಿಗೆ ಸಮಾಲೋಚನೆ ನಡೆಸಿದಳು. ರಂಜಾನಬಿಯೂ ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದಳು.

"ಹಾಂಗ ಇಟಗೊಂಡಾಕಿ ಅಲ್ರೆವ್ವಾ," ಎಂದು ಆಕೆ ತೀರ್ಪು ಕೊಟ್ಟಳು. "ಇಟಗೊಂಡಾಕಿ ಆಗಿದ್ರ ಹೆಸರ ಹಿಡದು ಕರೀತಿದ್ಲು. ಒಡಪು ಹಾಕಿ ಹೇಳತಾಳಂದ್ರ ಲಗ್ನಾ ಆದಾಕೀನ. ಅದೂ ಹೊಸ ಲಗ್ನ. ಒಂದ ಒಡಪು ಘಳಿಗಿಗೊಮ್ಮೆ ಹೇಳಸಾಕ ಹತ್ಯಾನ, ಇನ್ನೂ ಬಾಯಿಗೆ ಬಂದಿಲ್ಲ ಪಾಪ."

ಬಾಳವ್ವನಿಗೆ ಸಿಟ್ಟು ಒಂದು ಕಡೆ, ಕರುಣೆ ಒಂದು ಕಡೆ. ಯಾರ ಮನೆಯ ಮಗಳೋ, ಕತ್ತಲೆ ಕೋಣೆಯಲ್ಲಿ ಉಪವಾಸ ಕೂತಿದ್ದಾಳೆ. ಮಧ್ಯಾಹ್ನ ಆಕೆ ಎರಡು ತಟ್ಟೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಇಟ್ಟು, ಒಂದು ಮಾತನ್ನೂ ಆಡದೆ ಬಾಗಿಲೊಳಗೆ ಸರಿಸಿದಳು. ಶಿವಸಂಗಪ್ಪ ಬೆಳಗಿನಿಂದ ಗುಳೇದಗುಡ್ಡದ ದಾರಿಯಲ್ಲಿ ಗಂಟು ಹೊತ್ತು ತಿರುಗಿ ಹಸಿದು ಬಂದಿದ್ದ. ಅತ್ತೆಯ ಪ್ರೀತಿಗೆ ಕರಗಿ ಎರಡೂ ತಟ್ಟೆಗಳನ್ನು ಒರೆಸಿದಂತೆ ಖಾಲಿ ಮಾಡಿ ಹೊರಗಿಟ್ಟ. ಬಾಳವ್ವ ಖಾಲಿ ತಟ್ಟೆಗಳನ್ನು ಎತ್ತಿ ರಂಜಾನಬಿಗೆ ತೋರಿಸಿದಳು. ಇನ್ನೇನು ಸಾಕ್ಷಿ ಬೇಕು?

ಮರುದಿನ ಬಾಬುಸಾಬ ಬಾಗಲಕೋಟೆಯಿಂದ ಮರಳಿದ. ಇಳಕಲ್ಲಿಗೆ ಹೋಗಿ ಇನ್ನಷ್ಟು ಸೀರೆ ತರಬೇಕಿತ್ತು. ಬಾಳವ್ವ ಅವನ ಕಿವಿಯಲ್ಲಿ ಸುದ್ದಿ ಹಾಕಿ, "ನನ್ನ ಸೊಸಿಗೆ ಇಷ್ಟ ಹೇಳು, ಹೆಚ್ಚಿಗಿ ಹೇಳಬ್ಯಾಡ" ಎಂದು ಕಳಿಸಿದಳು. ಬಾಬುಸಾಬ ಸಜ್ಜನ. ಆದರೆ ದಾರಿ ಉದ್ದ, ಎತ್ತುಗಳು ಮಾತಾಡುವುದಿಲ್ಲ, ಹೀಗಾಗಿ ಅಮೀನಗಡದಲ್ಲಿ ಕರದಂಟು ತಿನ್ನುತ್ತ ಅಂಗಡಿಯವನಿಗೆ ಹೇಳಿದ, ಹುನಗುಂದದಲ್ಲಿ ಎತ್ತಿಗೆ ನೀರು ಕುಡಿಸುತ್ತ ಬಾವಿಯ ಹತ್ತಿರದವರಿಗೆ ಹೇಳಿದ. ಇಳಕಲ್ಲು ಮುಟ್ಟುವಷ್ಟರಲ್ಲಿ ಆ ಹೆಣ್ಣಿಗೆ ಉದ್ದನೆಯ ಜಡೆ, ಗುಳೇದಗುಡ್ಡದ ಖಣದ ಕುಪ್ಪಸ, ಬಂಗಾರದ ಬುಗುಡಿ ಎಲ್ಲವೂ ಬಂದಿದ್ದವು.

ಇತ್ತ ಬಾದಾಮಿಯಲ್ಲಿ ಬಾಳವ್ವನ ಇನ್ನೊಂದು ಮಾತು ಬೇರೆ ಕಡೆ ಹೋಗಿತ್ತು. "ನೆಗಡಿಯಂತ, ಜ್ವರಂತ" ಎಂದು ಆಕೆ ಕೆರೆಯ ದಂಡೆಯಲ್ಲಿ ಹೇಳಿದ್ದು ಬಾಯಿಂದ ಬಾಯಿಗೆ ದಾಟಿ, ಬಾಬುಸಾಬ ಹೋದ ಮೂರನೆಯ ದಿನ ಪೊಲೀಸ್ ಪಾಟೀಲ ಯಮನೂರಪ್ಪನಿಗೆ ಮುಟ್ಟಿತು. ಅದು ಪ್ಲೇಗಿನ ಭಯ ಇನ್ನೂ ಆರಿರದ ಕಾಲ. ಪರಊರಿನವರು ಬಂದು ಜ್ವರದಲ್ಲಿ ಮಲಗಿದ್ದರೆ ಪಾಟೀಲ ವಿಚಾರಿಸಲೇಬೇಕು. ಅಲ್ಲದೆ ಯಮನೂರಪ್ಪನಿಗೆ ವಿಚಾರಿಸುವುದೆಂದರೆ ಭಾರಿ ಇಷ್ಟ. ಕೋಲು ಹಿಡಿದು, ರುಮಾಲು ಸುತ್ತಿ, ಹಿಂದೊಂದು ಹಿಂಡು ಜನರನ್ನು ಕಟ್ಟಿಕೊಂಡು ಬಂದ. ಬಾಗಿಲ ಮುಂದೆ ಹೆಂಗಸರು ಅದಾಗಲೇ ನೆರೆದಿದ್ದರು.

"ಸರಕೋರ್ರವ್ವ, ದಾರಿ ಬಿಡ್ರವ್ವ!" ಎನ್ನುತ್ತ ಪಾಟೀಲ ಕಟ್ಟೆ ಹತ್ತಿದ. "ಏಯ್ ಇಳಕಲ್ಲಾಂವ! ಒಳಗ ಎಷ್ಟ ಮಂದಿ ಅದೀರಿ?"

"ನಾ ಒಬ್ಬನ ಅದೇನ್ರಿ ಪಾಟೀಲ್ರ!" ಎಂದ ಶಿವಸಂಗಪ್ಪ ಕದ ತೆರೆಯದೆ.

"ಹೆಣಮಗಳು ಐತಂತಲ್ಲೋ?"

"ಸುಳ್ಳರಿ! ಒಳಗ ಇರೋದು ಗಂಡಸಿನ ದನಿ, ಬೇಕಾದ್ರ ಕೇಳ್ರಿ!"

ಹೆಂಗಸಿನ ಧ್ವನಿಯಿಂದ ಬಂದ ಆಪತ್ತು ಗಂಡಸಿನ ಧ್ವನಿಯಿಂದ ಹೋಗುತ್ತದೆ ಎಂಬುದು ಅವನ ಲೆಕ್ಕ. ನೆಗಡಿಯ ಸುಳ್ಳಿನ ಮೇಲೆ ತನ್ನ ದನಿಯನ್ನು ಯಾರೂ ನಂಬುವುದಿಲ್ಲ ಎಂದು, ಅವನು ಕೈಗೆ ಸಿಕ್ಕ ಇನ್ನೊಂದು ಕೊಳವೆ ಹಾಕಿ ಚಾವಿ ಬಿಟ್ಟ.

ಒಳಗಿಂದ ಬಿಳಿ ಸಾಹೇಬ ನಗತೊಡಗಿದ. ಮೊದಲು ಮೆಲ್ಲಗೆ, ಆಮೇಲೆ ಇಂಗ್ಲಿಷಿನಲ್ಲಿ ಏನೋ ಒಂದೆರಡು ಮಾತು, ಆಮೇಲೆ ಗೋಡೆ ನಡುಗುವಂತೆ.

ಪಾಟೀಲ ಯಮನೂರಪ್ಪ ಕಟ್ಟೆಯಿಂದ ಇಳಿದೇಬಿಟ್ಟ. ಚಪ್ಪಲಿ ಕಳಚಿದ. ರುಮಾಲು ಸರಿಮಾಡಿಕೊಂಡು, ಮುಚ್ಚಿದ ಕದಕ್ಕೆ ನೆಲ ಮುಟ್ಟಿ ಸಲಾಮು ಹೊಡೆದ.

"ಸಾಹೇಬ್ರು! ಖಾಸಾ ಸಾಹೇಬ್ರು ಬಂದಾರ! ಪ್ಲೇಗಿನ ತಪಾಸಕ್ಕ ಯಾರಿಗೂ ಹೇಳ್ದ ಬಂದು ಇಳದಾರ. ನಗತಾರಂದ್ರ ನಾ ಏನೋ ತಪ್ಪ ಮಾಡೇನಿ!"

"ಮತ್ತ ಆ ಹೆಣಮಗಳು?" ಎಂದು ರಂಜಾನಬಿ ಪಿಸುಗುಟ್ಟಿದಳು.

"ದವಾಖಾನಿ ನರ್ಸಬಾಯಿ ಇರಬೇಕು. ಸುಮ್ನಿರು!"

ಅದಕ್ಕೆ ರಂಜಾನಬಿಯ ಆಕ್ಷೇಪವಿತ್ತು. ದವಾಖಾನೆಯ ನರ್ಸಬಾಯಿ ಶಿವಸಂಗಪ್ಪನ ಹೆಸರಿಗೆ ಯಾಕೆ ಒಡಪು ಹಾಕುತ್ತಾಳೆ? ಆದರೆ ಪಾಟೀಲ ಅಷ್ಟರಲ್ಲಿ ಸಾಹೇಬರ ಊಟಕ್ಕೆ ಕೋಳಿ, ತತ್ತಿ, ಹಾಲು ತರಿಸಲು ಆಳು ಓಡಿಸಿದ್ದ. ಬೀದಿ ಗುಡಿಸಿದರು, ನೀರು ಚಿಮುಕಿಸಿದರು. ಕಾಲು ಕಟ್ಟಿದ ಕೋಳಿಗಳನ್ನು ತಂದು ಬಾಳವ್ವನ ಕಟ್ಟೆಗೆ ಇಟ್ಟಾಗ ಆಕೆ ಕೂಗಿದ್ದು ಕೋಟೆಗುಡ್ಡಕ್ಕೆ ಬಡಿದು ವಾಪಸು ಬಂತು.

"ನಾ ಕೊರಳಾಗ ಲಿಂಗ ಕಟಗೊಂಡಾಕಿ, ನನ್ನ ಕಟ್ಟಿಗೆ ಕೋಳಿ ತರ್ತೀರೇನ್ರೋ!"

ಕೋಳಿಗಳನ್ನು ರಂಜಾನಬಿಯ ಕಟ್ಟೆಗೆ ಸಾಗಿಸಲಾಯಿತು. ಆಕೆ ಅವುಗಳನ್ನು ತನ್ನ ಕೋಳಿಗಳ ಜೊತೆಗೇ ಬಿಟ್ಟುಕೊಂಡಳು, ಸಾಹೇಬರು ಕೇಳಿದಾಗ ಆರಿಸಿ ಕೊಡುತ್ತೇನೆಂದಳು. ಶಿವಸಂಗಪ್ಪ ಒಳಗಿನಿಂದ ಅಗಳಿಯನ್ನು ಇನ್ನಷ್ಟು ಬಿಗಿದ. ಈಗ ಅವನ ಕೋಣೆಯಲ್ಲಿ ಜನರ ಲೆಕ್ಕಕ್ಕೆ ಒಬ್ಬ ಹೆಂಗಸು, ಒಬ್ಬ ಸಾಹೇಬ ಇಬ್ಬರೂ ಇದ್ದರು. ಕದ ತೆರೆದರೆ ಇಬ್ಬರನ್ನೂ ತೋರಿಸಬೇಕು.

ಸಾಹೇಬರು ಹೊರಗೆ ಬರುವುದನ್ನು ಊರು ಕಾಯುತ್ತಲೇ ಇತ್ತು. ಮರುದಿನ ಹೊತ್ತು ಏರುವಾಗ ಬಾಬುಸಾಬನ ಚಕ್ಕಡಿ ಓಣಿಯ ಬಾಯಿಗೆ ಬಂದು ನಿಂತಿತು. ಇಳಿದವಳು ಸಾವಂತ್ರವ್ವ. ಆಕೆ ದಾರಿಯಲ್ಲಿ ಒಂದು ಹನಿ ಕಣ್ಣೀರು ಹಾಕಲಿಲ್ಲ, ಒಂದು ಮಾತು ಆಡಲಿಲ್ಲ ಎಂದು ಬಾಬುಸಾಬ ಆಮೇಲೆ ಹೇಳಿದ. ಅದನ್ನು ನೋಡಿಯೇ ತಾನು ಎತ್ತುಗಳನ್ನು ಓಡಿಸಿದೆ ಎಂದೂ ಹೇಳಿದ.

"ದಾರಿ ಬಿಡ್ರವ್ವ, ದಾರಿ ಬಿಡ್ರವ್ವ," ಎಂದು ಪಾಟೀಲನೇ ಆಕೆಗೆ ದಾರಿ ಮಾಡಿಕೊಟ್ಟ. ಆಕೆಯ ಮುಖ ನೋಡಿ ಎತ್ತಿದ ಕೋಲನ್ನೂ ಇಳಿಸಿದ.

ಆಕೆ ಕದ ಬಡಿದಳು. ಆ ಬಡಿತವನ್ನು ಶಿವಸಂಗಪ್ಪ ಗುರುತಿಸಿದ. ಕದ ತೆರೆದು ಕಟ್ಟೆಗೆ ಬಂದ.

"ಹೊರಗ ಕರೀರಿ ಆಕೀನ," ಎಂದಳು ಸಾವಂತ್ರವ್ವ.

"ಯಾರ್ನ?"

"ನಿಮ್ಮ ಹೆಸರ ಹೇಳಾಕೀನ."

"ಆಕಿ ಇಲ್ಲೇ ಹೊರಗ ನಿಂತಾಳ," ಎಂದ ಶಿವಸಂಗಪ್ಪ. ಅದು ನಿಜವೇ ಆಗಿತ್ತು. ಆದರೆ ಎಲ್ಲರೂ ಸಾವಂತ್ರವ್ವನ ಹಿಂದೆ ನೋಡಿದರು, ಅಲ್ಲಿ ರಂಜಾನಬಿ ನಿಂತಿದ್ದಳು.

"ಯಾ ಅಲ್ಲಾ, ನಾ ಅಲ್ರೆವ್ವಾ! ನಾ ಕೋಳಿ ಇಟಗೊಂಡೇನಿ ಅಷ್ಟ!"

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಶಿವಸಂಗಪ್ಪ ಒಳಗೆ ಹೋಗಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಕಟ್ಟೆಯ ಮೇಲೆ ಇಟ್ಟ. ಪಾಟೀಲ ಕಹಳೆಯೊಳಗೆ ಬಗ್ಗಿ ನೋಡಿ, "ಸಾಹೇಬ್ರ, ಅದೀರೇನ್ರಿ?" ಎಂದು ಕೇಳಿದ.

ಸಾವಂತ್ರವ್ವ ಪೆಟ್ಟಿಗೆಯನ್ನು ಸುತ್ತ ನೋಡಿದಳು. "ಇದಕ್ಕ ಚಾವಿ ಐತೇನು?"

"ಐತಿ."

"ಹಾಂಗಾರ ಹೆಣಮಗಳ ಇದ್ರ ಚಲೋ ಇತ್ತು," ಎಂದಳು.

ಶಿವಸಂಗಪ್ಪ ಕೊಳವೆ ಹಾಕಿದ. ಕಹಳೆ ಗೊರಗೊರ ಎಂದು, ಆಮೇಲೆ ಹೇಳಿತು. ಕೆಂಪು ಸೆರಗು, ಬಿಳಿ ತೆನೆ, ಉಕ್ಕುವ ಹಾಲು, ಗಡಿಯಾರ, ಶಿವಸಂಗಪ್ಪ. ಕೂಡಲೇ ಅವನು ಸೂಜಿ ಎತ್ತಿದ. ಜನ ಹಿಂದೆ ಸರಿದರು, ಮತ್ತೆ ಮುಂದೆ ಬಂದರು.

"ನೋಡು, ನೀನ!" ಎಂದ ಶಿವಸಂಗಪ್ಪ. "ನಿಂದ ದನಿ!"

ಸಾವಂತ್ರವ್ವನ ಮುಖ ಕೆಂಪಾಯಿತು. "ನಂದಲ್ಲ. ಇದ್ಯಾವಾಕೀದೋ ಮೂಗಿನ್ಯಾಗಿನ ದನಿ. ಅತ್ತಿ, ನೀವ ಹೇಳ್ರಿ, ನನ್ನ ದನಿ ಹಿಂಗೈತೇನು?"

ಬಾಳವ್ವ ಸೊಸೆಯ ಮುಖ ನೋಡಿದಳು. ಅದು ತದ್ರೂಪ ಸೊಸೆಯ ಧ್ವನಿಯೇ ಎಂದು ಆಕೆಯ ಕಿವಿಗೆ ಈಗ ಹೊಳೆದಿತ್ತು. ಆದರೆ ಹೇಳುವ ಧೈರ್ಯ ಯಾರಿಗಿತ್ತು? "ನಿಂದು ಕೋಗಿಲಿ ದನಿ, ಯವ್ವಾ," ಎಂದಳು. ಜನರೆಲ್ಲ ತಲೆಯಾಡಿಸಿದರು.

"ನೋಡ್ರಿ! ಅಲ್ಲ, ದನಿ ಹಾಳಾಗ್ಲಿ, ಒಡಪು ನಂದು!" ಸಾವಂತ್ರವ್ವನ ಕಂಠ ಈಗ ಒಡೆಯಿತು. "ಹಾಲು ಉಕ್ಕೋದು ನನ್ನ ಒಲಿ ಮ್ಯಾಲ. ಗಡಿಯಾರ ಬಾವ್ಯಾಗ ಹಾಕಿದಾಕಿ ನಾನ. ನಾ ಕಟ್ಟಿದ ಒಡಪು ಬ್ಯಾರೆದಾಕೀಗೆ ಕಲಿಸಿ ಹೇಳಿಸೀರಿ. ನನ್ನ ಹೆಸರಿಗಂತೂ ಒಂದೂ ಹುಟ್ಟಲಿಲ್ಲ ನಿಮಗ, ನಂದನ್ನೂ ತಗೊಂಡ ಹೋಗಿ ಆಕೀಗೆ ಕೊಟ್ರಿ?"

ಶಿವಸಂಗಪ್ಪ ನಂಬಿಸಲು ಇನ್ನೊಮ್ಮೆ ಹಾಕಿದ. ಕಹಳೆ ಮತ್ತೆ ಅಷ್ಟೂ ಹೇಳಿ ಅವನ ಹೆಸರಿಗೆ ಬಂತು. ರೂಢಿಯಂತೆ ಅವನ ಕೈ ಸೂಜಿಗೆ ಹೋಯಿತು. ಸಾವಂತ್ರವ್ವ ತಟ್ಟನೆ ಅವನ ಮುಂಗೈ ಹಿಡಿದಳು.

"ಪ್ರತಿ ಸಲ ಯಾಕ ಅಲ್ಲೇ ನಿಲ್ಲಸ್ತೀರಿ? ಮುಂದೇನು ಅಂತಾಳ ಆಕಿ? ಕೇಳ್ತೇನಿ, ಬಿಡ್ರಿ."

ಮೇಣದ ಕೊಳವೆ ತಿರುಗಿತು. ಹೆಂಗಸರು ನಕ್ಕ ಸದ್ದು ಬಂತು. ಆಮೇಲೆ ದೂರದಿಂದ ಬೋರವ್ವ: "ಈಗ ನೀ ಹೇಳಪಾ, ಶಿವಸಂಗಪ್ಪ! ಓಣಿಗೆಲ್ಲಾ ಕಟ್ಟಿಕೊಡ್ತಿ..." ಆಮೇಲೆ ಏನೂ ಇಲ್ಲ. ಆಮೇಲೆ ಒಂದು ಕೆಮ್ಮು. ಗಂಟಲಲ್ಲಿ ಹುಟ್ಟಿ, ಮೂಗಿಗೆ ಹೋಗಿ, ದಾರಿ ತಪ್ಪಿ ವಾಪಸು ಬರುವ ಒಣ ಕೆಮ್ಮು. ಮತ್ತೊಂದು. ಆಮೇಲೆ ಹಿತ್ತಲ ಕಡೆಗೆ ಓಡುವ ಹೆಜ್ಜೆಗಳು.

ಸಾವಂತ್ರವ್ವ ಹಿಡಿದ ಮುಂಗೈಯನ್ನು ನಿಧಾನವಾಗಿ ಬಿಟ್ಟಳು. ತನ್ನ ಧ್ವನಿ ತನಗೆ ಗುರುತು ಸಿಗದಿದ್ದರೂ ಈ ಕೆಮ್ಮನ್ನು ಆಕೆ ಲಕ್ಷ ಕೆಮ್ಮುಗಳ ನಡುವೆ ಗುರುತಿಸಬಲ್ಲಳು. ಮದುವೆಯ ದಿನ ಕೇಳಿದ್ದೂ ಅದೇ, ಮಗ್ಗದ ಕೋಣೆಯ ಹೊಸ್ತಿಲಲ್ಲಿ ಕೇಳಿದ್ದೂ ಅದೇ.

"ಇದು ಮಗ್ಗದ ಮನಿ ಪೂಜಿ ದಿನದ್ದು," ಎಂದಳು.

"ಹೂಂ."

"ಅದನ್ನ ಹೊತಗೊಂಡು ಊರೂರು ತಿರಗ್ತೀರಿ?"

"ಹೂಂ."

"ಯಾಕ?"

ಸುತ್ತ ಬಾದಾಮಿಯೇ ನಿಂತಿತ್ತು. ಆದರೆ ಸುಳ್ಳು ಹೇಳಿ ಹೇಳಿ ಶಿವಸಂಗಪ್ಪನ ಹತ್ತಿರ ಇನ್ನು ನಿಜವೊಂದೇ ಉಳಿದಿತ್ತು.

"ಪರಊರಾಗ ಸಂಜಿ ಆತಂದ್ರ ಬ್ಯಾಸರ ಬರತೈತಿ. ಸೀರಿ ತಗೊಳ್ಳಾಕ ಬರೋರೆಲ್ಲಾ 'ಏಯ್ ಇಳಕಲ್ಲಾಂವ' ಅಂತಾರ. ನನ್ನ ಹೆಸರ ಯಾರೂ ಹಂಗ ಹೇಳಂಗಿಲ್ಲ. ನೀ ಹೇಳಿದಾಂಗ. ಅದಕ್ಕ ತಂದೆ."

ಬಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ರಂಜಾನಬಿ ಮೂಗು ಒರೆಸಿಕೊಂಡಳು. ಸಾವಂತ್ರವ್ವ ಕಟ್ಟೆ ಹತ್ತಿ, ಕೋಣೆಯ ಹೊಸ್ತಿಲ ಮೇಲೆ ನಿಂತು, ಎರಡೂ ಕೈಯನ್ನು ಬಾಗಿಲ ತೋಳಿಗೆ ಅಡ್ಡ ಚಾಚಿದಳು.

"ಹಾಂಗಾರ ಹೆಸರ ಹೇಳಿ ಒಳಗ ಬರ್ರಿ," ಎಂದಳು. "ಇಲ್ಲಾಂದ್ರ ಬಾಬುಸಾಬಣ್ಣ ಚಕ್ಕಡಿ ಬಿಚ್ಚಿಲ್ಲ. ನಾ ಇಳಕಲ್ಲಿಗೆ ಹೋಗ್ತೇನಿ, ನೀವು ಪೆಟಿಗಿ ಕೂಡ ಸಂಸಾರ ಮಾಡ್ರಿ."

ಆಕೆ ನಗುತ್ತಿರಲಿಲ್ಲ. ಶಿವಸಂಗಪ್ಪ ಸುತ್ತ ನೋಡಿದ. ಓಡಿಹೋಗಲು ಇಲ್ಲಿ ಹಿತ್ತಲಿರಲಿಲ್ಲ.

ಪಾಟೀಲ ಯಮನೂರಪ್ಪನಿಗೆ ಈಗ ಯಂತ್ರದ ಗುಟ್ಟು ತಿಳಿದಿತ್ತು, ಸಾಹೇಬರಿಲ್ಲದ ಧೈರ್ಯವೂ ಬಂದಿತ್ತು. "ಒಡಪು ಹೇಳೋದು ಖರೆ ಆದ್ರ, ಅದನ್ನೂ ಪೆಟಿಗ್ಯಾಗ ತುಂಬಸ್ರಿ," ಎಂದು ಸಲಹೆ ಕೊಟ್ಟ. "ಅಂದ್ರ ನಾಳೆ ಇಲ್ಲ ಅನ್ನಾಕ ಬರೂದಿಲ್ಲ. ಆ ಹಳೇದು ಅಳಿಸಿದ್ರಾತು."

"ಅಳಸೂದಿಲ್ಲ!" ಶಿವಸಂಗಪ್ಪ ಪೆಟ್ಟಿಗೆಗೆ ಅಡ್ಡ ನಿಂತ. ಪಾಟೀಲನ ಮುಂದೆ ದನಿ ಎತ್ತಿದ್ದು ಅವನ ಜನ್ಮದಲ್ಲೇ ಮೊದಲು. "ಸಾಹೇಬನ್ನ ಬೇಕಾದ್ರ ಹೆರೀರಿ, ಆಕೀನ ಮುಟ್ಟಬ್ಯಾಡ್ರಿ. ನಾ ಬಾಯೀಲೇ ಹೇಳ್ತೇನಿ."

ಹಾಗೆ ಹೇಳಿ ಹೊಸ್ತಿಲತ್ತ ತಿರುಗಿದ. ನಡುವೆ ಹೆಂಗಸರ ಗುಂಪು ಒತ್ತರಿಸಿ ನಿಂತಿತ್ತು. ಪಾಟೀಲ ಕೋಲು ಎತ್ತಿ, "ದಾರಿ ಬಿಡ್ರವ್ವ!" ಎಂದು ಮತ್ತೆ ಕೂಗಿದ. ಶಿವಸಂಗಪ್ಪ ನಡೆಯುತ್ತಿದ್ದವನು ನಿಂತುಬಿಟ್ಟ. ಇಷ್ಟು ವರ್ಷ ಊರೂರು ಹುಡುಕಿದ ಪ್ರಾಸ ಓಣಿ ಓಣಿಯಲ್ಲಿ ದಿನವೂ ಕೇಳುತ್ತಿದ್ದ ಮಾತಿನಲ್ಲೇ ಇತ್ತಲ್ಲ ಎಂದು ಮನಸ್ಸಿನಲ್ಲೇ ಮಾವನ ಕ್ಷಮೆ ಕೇಳಿದ. ಕೆಮ್ಮು ಗಂಟಲ ತನಕ ಬಂತು. ನುಂಗಿಕೊಂಡ. ಕಣ್ಣು ಮುಚ್ಚಿ, ಒಂದೊಂದೇ ಸಾಲನ್ನು ಕೈಯಲ್ಲಿ ನೂಲು ಎಳೆದಂತೆ ಎಳೆದು ಹೇಳಿದ:

"ಹುನಗುಂದ ದಾಟೀನಿ, ಬಾಗಲಕೋಟಿ ಕಂಡೀನಿ,
ಬ್ಯಾಡಂದ್ರೂ ಪೆಟಿಗಿ ತಲಿ ಮ್ಯಾಲ ತಂದೀನಿ,
ಕೆಡಸಾಂವ ನಾ, ಕೂಡಸಾಕಿ ಆಕಿ, ದಾರಿ ಬಿಡ್ರವ್ವ,
ನನ್ನ ಹೆಸರಿಗೆ ದನಿ ಕೊಟ್ಟಾಕಿ ಸಾವಂತ್ರವ್ವ!"

ಹೆಂಗಸರು ನಿಜವಾಗಿಯೂ ದಾರಿ ಬಿಟ್ಟರು. ಬಾಬುಸಾಬ ಚಕ್ಕಡಿಯ ಮೇಲಿಂದಲೇ "ಭಲೇ!" ಎಂದ. ಶಿವಸಂಗಪ್ಪ ಕಣ್ಣು ತೆರೆದು ಹೆಂಡತಿಯನ್ನು ನೋಡಿದ. ಆಕೆಯ ಕೈಗಳು ಇನ್ನೂ ಬಾಗಿಲಿಗೆ ಅಡ್ಡ ಇದ್ದವು, ಆದರೆ ತುಟಿಯ ತುದಿ ನಡುಗುತ್ತಿತ್ತು. ಅದು ಅಳುವೋ ನಗುವೋ ಅವನಿಗೆ ತಿಳಿಯಲಿಲ್ಲ.

"ಇನ್ನೊಮ್ಮೆ ಹೇಳ್ರಿ," ಎಂದಳು. "ಅತ್ತೀಗೆ ಕೇಳ್ಸಲಿಲ್ಲ."

"ಏ, ನನಗ ಚಂದಾಗಿ ಕೇಳ್ಸೇತಿ!" ಎಂದಳು ಬಾಳವ್ವ. ಈ ಮುಪ್ಪಿನಲ್ಲೂ ತನ್ನ ಕಿವಿಗೆ ಅಪವಾದ ಬರುವುದನ್ನು ಆಕೆ ಸಹಿಸಲಿಲ್ಲ.

ಸಾವಂತ್ರವ್ವ ಅತ್ತೆಯ ಕಡೆಗೆ ಒಂದು ಸಲ ನೋಡಿದಳು.

"ಹೌದೌದು," ಎಂದು ಬಾಳವ್ವ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡಳು. "ಏನೂ ಕೇಳ್ಸಿಲ್ಲ ನೋಡಪಾ ಅಳಿಯಾ. ಸ್ವಲ್ಪ ಗಟ್ಟ್ಯಾಗಿ ಹೇಳು."